ಕಾಸಿಗೆ ತಕ್ಕ ಕಜ್ಜಾಯವೇ? – ಮಂಡಿನೋವು, ಮುಲಾಮು ಮತ್ತು ಸಮಾಧಾನದ ಲೆಕ್ಕ

ನಿವೃತ್ತರಾದ ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಎಲ್ಲಿಂದ ಆರಂಭವಾದರೂ ಕೊನೆಗೆ ಮಂಡಿಗೆ ಬಂದು ನಿಲ್ಲುತ್ತದೆ. ತುಟ್ಟಿಭತ್ಯೆ, ಮೊಮ್ಮಕ್ಕಳ ವಿದ್ಯಾಭ್ಯಾಸ, ಊರಿನ ರಾಜಕೀಯ ಇವೆಲ್ಲ ಪೀಠಿಕೆ ಮಾತ್ರ. ಮೂವತ್ತು ಮೂವತ್ತೈದು ವರ್ಷ ಕಪ್ಪುಹಲಗೆಯ ಮುಂದೆ ನಿಂತೇ ಬದುಕಿದ ನಮ್ಮಂಥ ಮೇಷ್ಟರುಗಳ ಕೂಟದಲ್ಲಂತೂ ಇದು ತಪ್ಪಿದ್ದಲ್ಲ. ಒಬ್ಬರು ಒಂದು ಮುಲಾಮಿನ ಹೆಸರು ಹೇಳುತ್ತಾರೆ, ಮತ್ತೊಬ್ಬರು ಅದನ್ನು ತಳ್ಳಿಹಾಕಿ ಬೇರೊಂದನ್ನು ಹೊಗಳುತ್ತಾರೆ. "ಯಾವುದು ಒಳ್ಳೆಯದು?" ಎಂಬ ಪ್ರಶ್ನೆ ಎಲ್ಲರದೂ ಹೌದು. ಆದರೆ "ಒಳ್ಳೆಯದು" ಎಂದರೇನು, ಅದಕ್ಕೆ ದಿನವೊಂದಕ್ಕೆ ತಗಲುವ ವೆಚ್ಚವೆಷ್ಟು, ಆ ವೆಚ್ಚಕ್ಕೆ ಪ್ರತಿಯಾಗಿ ದೊರೆಯುವ ಸಮಾಧಾನ ಎಂಥದು ಎಂಬುದನ್ನು ವಿಚಾರಿಸುವವರು ವಿರಳ. ಈ ಲೇಖನದಲ್ಲಿ ನಾನು ಮಾಡಹೊರಟಿರುವುದು ಆ ವಿಚಾರವನ್ನೇ. ನಾನು ವೈದ್ಯನಲ್ಲ. ಲೆಕ್ಕ ಹೇಳಿಕೊಟ್ಟು ಬದುಕಿದವನಾದುದರಿಂದ ಎಲ್ಲವನ್ನೂ ಕೂಡಿ ಕಳೆದು ನೋಡುವ ಚಾಳಿ ಮಾತ್ರ ಉಳಿದುಕೊಂಡಿದೆ.

ನೋವಿನಲ್ಲಿ ಎರಡು ಬಗೆ. ಬಿದ್ದಾಗ, ಉಳುಕಿದಾಗ ಬರುವ ನೋವು ಅತಿಥಿಯಂತೆ. ನಾಲ್ಕು ದಿನ ಇದ್ದು ಹೊರಟುಹೋಗುತ್ತದೆ. ಕೀಲು ಸವೆದು ಬರುವ ನೋವು ಹಾಗಲ್ಲ. ಅದು ಮನೆಯ ಸದಸ್ಯನಾಗಿ ನೆಲೆನಿಲ್ಲುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ವೈದ್ಯರು ದೀರ್ಘಕಾಲೀನ ನೋವು ಎನ್ನುತ್ತಾರೆ. ಅತಿಥಿಗೆ ಒಮ್ಮೆ ಖರ್ಚು ಮಾಡಿದರೆ ತೀರಿತು. ಮನೆಯ ಸದಸ್ಯನಿಗೆ ತಿಂಗಳು ತಿಂಗಳೂ ಖರ್ಚು ಮಾಡಬೇಕು. ಆದ್ದರಿಂದಲೇ ಇಲ್ಲಿ ಬೆಲೆಯ ಪ್ರಶ್ನೆ ಚಿಕ್ಕದಲ್ಲ.

ನೋವಿದ್ದಲ್ಲಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳಿಗೆ ಹೊಸದೇನೂ ಅಲ್ಲ. ಹರಳೆಣ್ಣೆ, ಎಳ್ಳೆಣ್ಣೆ, ನೀಲಗಿರಿ ಎಣ್ಣೆ, ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಶಾಖ, ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರು ಇವೆಲ್ಲವೂ ನಮ್ಮ ಅಜ್ಜಿಯರ ಔಷಧಶಾಲೆಯಲ್ಲಿದ್ದವು. ಅನಂತರ ಗಾಜಿನ ಪುಟ್ಟ ಶೀಶೆಗಳು ಬಂದವು. ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಅವರು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನವು ದಕ್ಷಿಣ ಭಾರತದ ಮನೆಮನೆಯ ಗೂಡಿನಲ್ಲಿ ಸ್ಥಾನ ಪಡೆಯಿತು. ಸಂಗೀತ ಕಚೇರಿಗಳಲ್ಲಿ ಅದನ್ನು ಉಚಿತವಾಗಿ ಹಂಚಿ ಪ್ರಚಾರ ಮಾಡಿದರೆಂಬುದು ಪ್ರಸಿದ್ಧ ಸಂಗತಿ. ಇಂದು ಔಷಧದಂಗಡಿಯ ಗಾಜಿನ ಕಪಾಟಿನಲ್ಲಿ ಮುಲಾಮು, ಜೆಲ್, ಸ್ಪ್ರೇ, ಉರುಳೆಯ ಶೀಶೆ, ಅಂಟಿಸುವ ಪಟ್ಟಿ ಹೀಗೆ ಹತ್ತಾರು ರೂಪಗಳಿವೆ.

ರೂಪ ಹಲವಾದರೂ ಒಳಗಿರುವುದನ್ನು ಸ್ಥೂಲವಾಗಿ ಎರಡು ಪಂಗಡವಾಗಿ ವಿಂಗಡಿಸಬಹುದು. ಮೊದಲನೆಯ ಪಂಗಡ ಚರ್ಮಕ್ಕೆ ತಂಪನ್ನೋ ಉರಿಯನ್ನೋ ಕೊಟ್ಟು ನೋವನ್ನು ಮರೆಸುವಂಥದು: ಪುದೀನ ಜಾತಿಯಿಂದ ಬರುವ ಮೆಂಥಾಲ್, ಕರ್ಪೂರ, ಗಂಧಪುರ ತೈಲವೆಂದು ಕರೆಯುವ ಮೀಥೈಲ್ ಸ್ಯಾಲಿಸಿಲೇಟ್, ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್. ನಮ್ಮ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಬಾಗಿಲಿದ್ದು, ಖಾರವೂ ಅದೇ ಬಾಗಿಲನ್ನು ತಟ್ಟುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಕಂಡುಹಿಡಿಯಿತು. ತಂಪನ್ನು ಗುರುತಿಸುವ, ಮೆಂಥಾಲ್ ತಟ್ಟುವ ಬಾಗಿಲು 2002ರಲ್ಲಿ ಪತ್ತೆಯಾಯಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ಸಂದದ್ದು ಈ ಬಗೆಯ ಸಂಶೋಧನೆಗಳಿಗೆ. ಮೆಣಸಿನಕಾಯಿಯ ವಿಷಯ ಬಂದಾಗ ಬ್ಯಾಡಗಿಯನ್ನು ನೆನೆಯುವುದು ನಮಗೆ ಸಹಜ. ಆದರೆ ಬ್ಯಾಡಗಿಗೆ ಕೀರ್ತಿ ಬಂದಿರುವುದು ಬಣ್ಣದಿಂದ, ಖಾರದಿಂದಲ್ಲ. ಮುಲಾಮಿಗೆ ಬೇಕಾದುದು ಖಾರ.

ಎರಡನೆಯ ಪಂಗಡ ಉರಿಯೂತವನ್ನೇ ತಗ್ಗಿಸುವ ನಿಜವಾದ ಔಷಧದ್ದು. ಡೈಕ್ಲೊಫೆನಾಕ್ ಇದರಲ್ಲಿ ಮುಖ್ಯವಾದುದು. ನಾವು ನುಂಗುವ ನೋವಿನ ಮಾತ್ರೆಯಲ್ಲಿರುವುದೂ ಅನೇಕ ವೇಳೆ ಇದೇ. ನಮ್ಮ ಅಂಗಡಿಗಳಲ್ಲಿ ಸಿಗುವ ಅನೇಕ ಜೆಲ್‌ಗಳಲ್ಲಿ ಎರಡೂ ಪಂಗಡಗಳನ್ನು ಬೆರೆಸಿರುತ್ತಾರೆ: ಡೈಕ್ಲೊಫೆನಾಕ್ ಜೊತೆಗೆ ಮೆಂಥಾಲ್, ಗಂಧಪುರ ತೈಲ, ಅಗಸೆ ಎಣ್ಣೆ. ಹಚ್ಚಿದೊಡನೆ ಮೂಗಿಗೆ ಬಡಿಯುವ ವಾಸನೆಯೂ ಚರ್ಮಕ್ಕೆ ತಾಗುವ ತಂಪೂ ಮೊದಲ ಪಂಗಡದ್ದು. ಎರಡನೆಯದು ಸದ್ದಿಲ್ಲದೆ, ನಿಧಾನವಾಗಿ, ದಿನಗಟ್ಟಲೆ ಹಚ್ಚಿದ ಮೇಲೆ ಕೆಲಸ ಮಾಡುವಂಥದು. ತರಗತಿಯಲ್ಲಿ ಗದ್ದಲ ಮಾಡುವ ಹುಡುಗನೇ ಮೇಷ್ಟರ ಕಣ್ಣಿಗೆ ಬೀಳುವಂತೆ, ನಮ್ಮ ಮೆಚ್ಚುಗೆಯೆಲ್ಲ ಮೆಂಥಾಲಿಗೆ ಹೋಗುತ್ತದೆ.

ಹಾಗಾದರೆ ಈ ಸದ್ದಿಲ್ಲದ ಔಷಧದಿಂದ ಎಷ್ಟು ಪ್ರಯೋಜನ? ಚಿಕಿತ್ಸೆಗಳ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಇಂಥ ಮುಲಾಮುಗಳ ವಿಮರ್ಶೆಯೊಂದನ್ನು ಪ್ರಕಟಿಸಿತು. ಕೀಲು ಸವೆತದವರು ಆರರಿಂದ ಹನ್ನೆರಡು ವಾರ ಡೈಕ್ಲೊಫೆನಾಕ್ ಹಚ್ಚಿದಾಗ ನೂರರಲ್ಲಿ ಸುಮಾರು 60 ಮಂದಿಗೆ ನೋವು ಅರ್ಧಕ್ಕರ್ಧ ಇಳಿಯಿತು. ಔಷಧವಿಲ್ಲದ, ಬರಿಯ ಜೆಲ್ಲನ್ನು ಹಚ್ಚಿದವರಲ್ಲಿ ಹಾಗೆ ಇಳಿದದ್ದು ಸುಮಾರು 50 ಮಂದಿಗೆ. ಅಂದರೆ ಔಷಧದ ಪಾಲು ನೂರಕ್ಕೆ ಹತ್ತು. ಉಳಿದ ಐವತ್ತು ತಿಕ್ಕುವಿಕೆಗೆ, ನಂಬಿಕೆಗೆ ಮತ್ತು ಏರಿಳಿಯುವುದೇ ಸ್ವಭಾವವಾಗಿರುವ ಆ ನೋವಿಗೆ ಸೇರಿದ್ದು.

ಈ ಅಂಕಿಗಳನ್ನು ಎರಡು ಬಗೆಯಲ್ಲಿ ಓದಬಹುದು. "ಬರಿಯ ಹತ್ತು ಮಂದಿಗೆ ತಾನೆ!" ಎಂದು ಮುಲಾಮನ್ನು ಅಲ್ಲಗಳೆಯುವುದು ಒಂದು ಬಗೆ. "ತಿಕ್ಕಿದರೆ ಸಾಕು, ಅರ್ಧದಷ್ಟು ಮಂದಿಗೆ ಗುಣ ಕಾಣುತ್ತದಲ್ಲ!" ಎಂದು ಬೆರಗಾಗುವುದು ಇನ್ನೊಂದು ಬಗೆ. ತಿಕ್ಕಿದರೆ ನೋವು ತಗ್ಗುವುದಕ್ಕೆ ಶಾಸ್ತ್ರೀಯ ವಿವರಣೆಯೂ ಇದೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ನರಗಳು ಚುರುಕಾದಾಗ ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡಗೇಟು ಬೀಳುತ್ತದೆ ಎಂಬ ಸಿದ್ಧಾಂತವನ್ನು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿಯೇ ಮಂಡಿಸಿದರು. ಮಗು ಬಿದ್ದು ಅತ್ತಾಗ ತಾಯಿ ಆ ಜಾಗವನ್ನು ತಿಕ್ಕಿ ಊದುವುದು ಬರಿಯ ಸಮಾಧಾನದ ಮಾತಲ್ಲ.

ಇನ್ನು ಮುಲಾಮನ್ನು ಮಾತ್ರೆಯ ಪಕ್ಕದಲ್ಲಿಟ್ಟು ನೋಡೋಣ. ನಿಜವಾದ ಸ್ಪರ್ಧೆ ಇರುವುದು ಇವೆರಡರ ನಡುವೆಯೇ. ಮಂಡಿಗೆ ಹಚ್ಚಿದ ಡೈಕ್ಲೊಫೆನಾಕ್ ರಕ್ತಕ್ಕೆ ಸೇರುವ ಪ್ರಮಾಣ, ಅದೇ ಔಷಧದ ಮಾತ್ರೆ ನುಂಗಿದಾಗ ಸೇರುವುದರ ಶೇಕಡಾ 6ರಷ್ಟು ಮಾತ್ರ. ಮಾತ್ರೆ ಇಡೀ ದೇಹವನ್ನು ಸುತ್ತಿಕೊಂಡು ಮಂಡಿಗೆ ಬರುತ್ತದೆ. ಬರುವ ದಾರಿಯಲ್ಲಿ ಹೊಟ್ಟೆಯ ಒಳಪದರವನ್ನೂ ಮೂತ್ರಪಿಂಡಗಳನ್ನೂ ಹೃದಯವನ್ನೂ ಮುಟ್ಟಿಕೊಂಡೇ ಬರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಎಪ್ಪತ್ತರ ದೇಹಕ್ಕೆ ಈ ಪ್ರವಾಸ ಬಲು ದುಬಾರಿ. ಲಕ್ಷಾಂತರ ಜನ ನುಂಗುತ್ತಿದ್ದ ರೊಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ಹೃದಯಾಘಾತದ ಅಪಾಯದ ಕಾರಣದಿಂದ 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಅನೇಕರಿಗೆ ನೆನಪಿರಬಹುದು.

ಬ್ರಿಟನ್ನಿನಲ್ಲಿ ಐವತ್ತು ವರ್ಷ ದಾಟಿದ ಮಂಡಿನೋವಿನವರ ಮೇಲೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಐಬುಪ್ರೊಫೆನ್ ಎಂಬ ಔಷಧವನ್ನು ಕೆಲವರು ನುಂಗಿದರು, ಕೆಲವರು ಹಚ್ಚಿಕೊಂಡರು. ಒಂದು ವರ್ಷದ ಅನಂತರ ಮಂಡಿಯ ನೋವು, ಬಿಗಿತ, ಓಡಾಟಗಳಲ್ಲಿ ಎರಡು ಗುಂಪಿನವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾತ್ರೆಯವರಲ್ಲಿ ಸಣ್ಣಪುಟ್ಟ ಅಡ್ಡಪರಿಣಾಮಗಳು ಹೆಚ್ಚು. ಮುಲಾಮಿನವರಲ್ಲಿ "ಇದು ಸಾಲದು" ಎಂದು ಚಿಕಿತ್ಸೆ ಬದಲಿಸಿದವರು ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ 303 ಮಂದಿಗೆ "ನಿಮಗೆ ಬೇಕಾದುದನ್ನು ನೀವೇ ಆರಿಸಿಕೊಳ್ಳಿ" ಎಂದು ಬಿಟ್ಟುಕೊಟ್ಟಾಗ 224 ಮಂದಿ ಮುಲಾಮನ್ನೂ 79 ಮಂದಿ ಮಾತ್ರೆಯನ್ನೂ ಆರಿಸಿಕೊಂಡರು. ಆ ದೇಶದ ಆರೋಗ್ಯ ಮಾರ್ಗಸೂಚಿಯೂ 2022ರಲ್ಲಿ ಪರಿಷ್ಕರಣೆಗೊಂಡಾಗ, ಮಂಡಿ ಸವೆತಕ್ಕೆ ಔಷಧ ಬೇಕಾದರೆ ಮೊದಲು ಹಚ್ಚುವುದನ್ನು ಕೊಡಿ, ಅದು ಸಾಲದಿದ್ದರೆ ನುಂಗುವುದನ್ನು ಯೋಚಿಸಿ ಎಂದೇ ಹೇಳಿತು.

ಇಷ್ಟಾದ ಮೇಲೆ ನಮ್ಮಲ್ಲಿಯೂ ಎಲ್ಲರೂ ಮುಲಾಮನ್ನೇ ಹಚ್ಚಬೇಕಿತ್ತಲ್ಲ? ಹಾಗೇಕೆ ಆಗುತ್ತಿಲ್ಲ? ಇಲ್ಲಿಯೇ ನನ್ನ ಹಳೆಯ ವೃತ್ತಿಯ ಅಂಕಗಣಿತ ಉಪಯೋಗಕ್ಕೆ ಬರುತ್ತದೆ.

ಡೈಕ್ಲೊಫೆನಾಕ್ ಜೆಲ್ಲನ್ನು ಹಚ್ಚಬೇಕಾದ ಪ್ರಮಾಣ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ ಮೂರು ಅಥವಾ ನಾಲ್ಕು ಸಲ. ಅಮೆರಿಕದ ಸೂಚನಾಪತ್ರದಲ್ಲಿ ಮಂಡಿಗೆ ಸಲಕ್ಕೆ 4 ಗ್ರಾಂನಂತೆ ನಾಲ್ಕು ಸಲ ಎಂದಿದೆ. ಕನಿಷ್ಠವನ್ನೇ ಹಿಡಿಯೋಣ: 2 ಗ್ರಾಂ, ಮೂರು ಸಲ, ದಿನಕ್ಕೆ 6 ಗ್ರಾಂ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 30 ಗ್ರಾಂ ಟ್ಯೂಬು ಐದು ದಿನಕ್ಕೆ ಮುಗಿಯಿತು. ತಿಂಗಳಿಗೆ ಆರು ಟ್ಯೂಬು. ಸವೆತ ಒಂದೇ ಮಂಡಿಗೆ ಬಂದು ನಿಲ್ಲುವುದು ಅಪರೂಪವಾದ್ದರಿಂದ ಎರಡು ಮಂಡಿಗೆ ಹನ್ನೆರಡು. ಲೆಕ್ಕದ ಅನುಕೂಲಕ್ಕಾಗಿ ಟ್ಯೂಬಿನ ಬೆಲೆ ನೂರು ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 1,200 ರೂಪಾಯಿ. ಓದುಗ ಮಿತ್ರರು ಈ ಸಂಖ್ಯೆಯ ಮೇಲೆ ಒಂದು ಕ್ಷಣ ನಿಲ್ಲಬೇಕು. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ವೇತನವನ್ನು ತಿಂಗಳಿಗೆ ಸಾವಿರದಿಂದ 1,200 ರೂಪಾಯಿಗೆ ಏರಿಸುವ ಘೋಷಣೆ ಹೊರಟದ್ದು 2021ರ ಜುಲೈ ತಿಂಗಳಲ್ಲಿ. ಆ ಇಡೀ ವೇತನ ಎರಡು ಮಂಡಿಗಳಿಗೆ ಸರಿಹೋಯಿತು. ಹೊಟ್ಟೆಗೆ ಏನೂ ಉಳಿಯಲಿಲ್ಲ.

ಆದ್ದರಿಂದ ನಮ್ಮ ಹಿರಿಯರು, ಅದರಲ್ಲಿಯೂ ಹೆಂಗಸರು, ಏನು ಮಾಡುತ್ತಾರೆ? ಟ್ಯೂಬಿನಿಂದ ಕಡಲೆಕಾಳಿನಷ್ಟು ತೆಗೆದು ಕುಂಕುಮ ಇಟ್ಟುಕೊಂಡಂತೆ ಮಂಡಿಗೆ ತಾಗಿಸುತ್ತಾರೆ. ಒಂದು ಟ್ಯೂಬನ್ನು ಎರಡು ತಿಂಗಳು ಬರುವಂತೆ ಜೋಪಾನ ಮಾಡುತ್ತಾರೆ. ಕೊನೆಯಲ್ಲಿ ಟ್ಯೂಬನ್ನು ಸುರುಳಿ ಸುತ್ತಿ, ಅದೂ ಆಗದಾಗ ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಿದುಕೊಳ್ಳುತ್ತಾರೆ. ಮುಗಿದರೆ ಮತ್ತೊಂದನ್ನು ತರಿಸಲು ಮಗನನ್ನೋ ಸೊಸೆಯನ್ನೋ ಕೇಳಬೇಕು, ಕೇಳಲು ಸಂಕೋಚ. ಈ ಪ್ರಮಾಣದಲ್ಲಿ ಹಚ್ಚಿದರೆ ಔಷಧದ ಪಾಲಿನ ಗುಣ ಎಲ್ಲಿಂದ ಬರಬೇಕು? ಬರುವುದಿಲ್ಲ. ಆಗ "ಮುಲಾಮಿನಿಂದ ಏನೂ ಆಗಲಿಲ್ಲ" ಎಂಬ ತೀರ್ಮಾನ ಹೊರಡುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಕೆಲವೇ ರೂಪಾಯಿಗೆ ಸಿಗುವ ಮಾತ್ರೆ ಕೈಗೆ ಬರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ನೋವು ನಿಲ್ಲುತ್ತದೆ, ಸಮಾಧಾನವೂ ಆಗುತ್ತದೆ. ಮೂತ್ರಪಿಂಡ ಮಾತ್ರ ತನ್ನ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುತ್ತದೆ; ಅದನ್ನು ತೆರೆದು ತೋರಿಸುವುದು ವರ್ಷಗಳ ಮೇಲೆ.

ಅಗ್ಗವೆಂದು ನಾವು ಕೊಳ್ಳುವ ಮಾತ್ರೆಯ ನಿಜವಾದ ಬೆಲೆ ಅದರ ಪೊಟ್ಟಣದ ಮೇಲೆ ಅಚ್ಚಾಗಿರುವುದಿಲ್ಲ. ದುಬಾರಿಯೆಂದು ಹಿಂಜರಿಯುವ ಮುಲಾಮಿನ ಬೆಲೆ ಪೂರ್ತಿಯಾಗಿ ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಬಡವರು ಅಚ್ಚಾಗಿರುವ ಬೆಲೆಯನ್ನಷ್ಟೇ ನೋಡುವ ಸ್ಥಿತಿಯಲ್ಲಿದ್ದಾರೆ. ಇದು ಅವರ ಅಜ್ಞಾನವಲ್ಲ. ಅವರ ಕೈಯಲ್ಲಿರುವ ಹಣದ ಅಳತೆ.

ಇನ್ನು ಸಮಾಧಾನದ ವಿಷಯ. ರೋಗಿಗೆ ತೃಪ್ತಿಯಾಯಿತೇ ಎಂದು ತಿಳಿಯಲು ಪಾಶ್ಚಾತ್ಯರು ಒಂದರಿಂದ ಐದು, ಸೊನ್ನೆಯಿಂದ ಹತ್ತು ಎಂದೆಲ್ಲ ಅಂಕ ಕೇಳುತ್ತಾರೆ. ನಮ್ಮಲ್ಲಿ ಅಷ್ಟಕ್ಕೂ ಒಂದೇ ಉತ್ತರವಿದೆ: "ಪರವಾಗಿಲ್ಲ." "ಹೇಗಿದೆ ಅಮ್ಮಾ ನೋವು?" "ಪರವಾಗಿಲ್ಲ ಡಾಕ್ಟ್ರೇ." ಈ ಒಂದು ಪದದಲ್ಲಿ ಎಷ್ಟು ಅರ್ಥ ಅಡಗಿದೆ ನೋಡಿ! ನಿಜವಾಗಿಯೂ ಗುಣವಾಗಿದೆ ಎಂದಾಗಬಹುದು. ಗುಣವಾಗಿಲ್ಲ, ಆದರೆ ನಿಮಗೇಕೆ ತೊಂದರೆ ಎಂದಾಗಬಹುದು. ಇನ್ನೊಂದು ಔಷಧ ಬರೆದುಕೊಟ್ಟರೆ ಹಣ ಎಲ್ಲಿಂದ ತರಲಿ ಎಂಬ ಭಯವೂ ಆಗಿರಬಹುದು. ನೋವಿನೊಡನೆ ರಾಜಿಯಾಗಿ ಪಾಲಿಗೆ ಬಂದದ್ದು ಪಂಚಾಮೃತವೆಂದು ಕುಳಿತವರ ಮಾತೂ ಅದೇ. ಆದುದರಿಂದ ತೃಪ್ತಿಯೊಂದನ್ನೇ ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಕೇಳಬೇಕಾದುದು ಬೇರೆ: ನೆಲದ ಮೇಲೆ ಕುಳಿತು ಏಳಲು ಆಗುತ್ತಿದೆಯೇ? ರಾತ್ರಿ ನಿದ್ದೆ ಬರುತ್ತಿದೆಯೇ? ದೇವಸ್ಥಾನದ ಮೆಟ್ಟಿಲು ಹತ್ತಿದಿರಾ? 2023ರ ಜೂನ್ ತಿಂಗಳಿನಿಂದ ಶಕ್ತಿ ಯೋಜನೆಯ ದೆಸೆಯಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಇರುವ ಎತ್ತರದಲ್ಲಿಯೇ ಇದೆ. ಅದನ್ನು ಹತ್ತಲು ಸಾಧ್ಯವಾದರೆ ಔಷಧ ಗೆದ್ದಿತೆನ್ನಬಹುದು.

ತೃಪ್ತಿಯನ್ನು ಅಷ್ಟಾಗಿ ನೆಚ್ಚಬಾರದೆನ್ನಲು ಇನ್ನೂ ಒಂದು ಕಾರಣವಿದೆ. ಬೆಲೆಯೇ ತೃಪ್ತಿಯನ್ನು ಹುಟ್ಟಿಸಬಲ್ಲುದು! ಅಮೆರಿಕದ ಸಣ್ಣ ಪ್ರಯೋಗವೊಂದರ ಫಲ 2008ರಲ್ಲಿ ಪ್ರಕಟವಾಯಿತು. 82 ಮಂದಿ ಆರೋಗ್ಯವಂತರಿಗೆ ಔಷಧವೇ ಇಲ್ಲದ ಹುಸಿಮಾತ್ರೆ ಕೊಟ್ಟು, ಕೈಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋವನ್ನು ಅಳೆದರು. ಮಾತ್ರೆಯ ಬೆಲೆ ಎರಡೂವರೆ ಡಾಲರ್ ಎಂದು ಕೇಳಿದವರಲ್ಲಿ ಶೇಕಡಾ 85 ಮಂದಿಗೆ ನೋವು ತಗ್ಗಿತು. ಹತ್ತು ಸೆಂಟಿಗೆ ಇಳಿಸಿದೆ ಎಂದು ಕೇಳಿದವರಲ್ಲಿ ತಗ್ಗಿದ್ದು ಶೇಕಡಾ 61 ಮಂದಿಗೆ. ಮಾತ್ರೆ ಒಂದೇ, ಒಳಗೆ ಏನೂ ಇಲ್ಲ. ಕಾಸಿಗೆ ತಕ್ಕ ಕಜ್ಜಾಯ ಎಂಬ ನಮ್ಮ ಗಾದೆ ನಾಲಗೆಯಿಂದ ಇಳಿದು ನರಗಳಿಗೂ ಹೊಕ್ಕಿದೆ ಎನ್ನಬೇಕು. ವಾಣಿಜ್ಯದವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಹೊಳೆಯುವ ಪೆಟ್ಟಿಗೆ, ಕ್ರಿಕೆಟ್ ಆಟಗಾರನ ಚಿತ್ರ, ಟಿ.ವಿ.ಯಲ್ಲಿ ಕ್ಷಣಮಾತ್ರದಲ್ಲಿ ಎದ್ದು ಕುಣಿಯುವ ಅಜ್ಜಿ ಇವೆಲ್ಲಕ್ಕೂ ನಾವೇ ಹಣ ತೆರುತ್ತೇವೆ. 2010ರ ಹಿಂದಿ ಚಿತ್ರವೊಂದರ ಹಾಡಿನಲ್ಲಿ ನೋವಿನ ಮುಲಾಮೊಂದರ ಹೆಸರು ಸೇರಿ, ದೇಶವೆಲ್ಲ ಅದನ್ನು ಗುನುಗುನಿಸಿದ್ದನ್ನು ಮರೆಯುವಂತಿಲ್ಲ.

ದುಬಾರಿ ಮುಲಾಮಿನ ಕಥೆಗೆ ಅಮೆರಿಕದ್ದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹಲವು ಔಷಧಗಳನ್ನು ರೋಗಿಗೆಂದೇ ಬೆರೆಸಿ ತಯಾರಿಸುವ ನೋವಿನ ಕ್ರೀಮುಗಳಿಗಾಗಿ ಆ ದೇಶದ ಸೈನಿಕರ ಆರೋಗ್ಯ ಯೋಜನೆ ಅಪಾರ ಹಣ ತೆರುತ್ತಿತ್ತು. ಅವುಗಳಿಂದ ನಿಜವಾಗಿ ಗುಣವಿದೆಯೇ ಎಂದು ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ 399 ಮಂದಿಯ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ದುಬಾರಿ ಕ್ರೀಮಿಗೂ ಔಷಧವಿಲ್ಲದ ಕ್ರೀಮಿಗೂ ನೋವು ತಗ್ಗಿಸುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡು ಕಡೆಯಲ್ಲಿಯೂ ಕೆಲವರಿಗೆ ಗುಣವಾಯಿತು, ತೃಪ್ತಿಯೂ ಆಯಿತು. ತೃಪ್ತಿ ಸುಳ್ಳಲ್ಲ, ಆದರೆ ಅದಕ್ಕೆ ಅಷ್ಟು ಹಣ ತೆರಬೇಕಾಗಿರಲಿಲ್ಲ.

ಇಲ್ಲಿ ಒಬ್ಬ ಜಾಣ ಓದುಗ ಆಕ್ಷೇಪಿಸಬಹುದು: "ಸ್ವಾಮಿ, ನೋವು ಅನುಭವಿಸುವವನದು. ಅವನಿಗೆ ತಗ್ಗಿತು ಎನಿಸಿದರೆ ತಗ್ಗಿದಂತೆಯೇ. ದುಬಾರಿ ಡಬ್ಬಿಯಿಂದಲೇ ಅವನಿಗೆ ಸುಖ ಸಿಗುವುದಾದರೆ ಬೇಡವೆನ್ನಲು ನೀವು ಯಾರು?" ಆಕ್ಷೇಪ ಹುರುಳಿಲ್ಲದ್ದಲ್ಲ. ತನ್ನ ಪಿಂಚಣಿಯಲ್ಲಿ ತನಗೆ ಇಷ್ಟವಾದ ಮುಲಾಮನ್ನು ಕೊಳ್ಳುವವನನ್ನು ತಡೆಯುವ ಅಧಿಕಾರ ನನಗಿಲ್ಲ. ಆದರೆ ನನ್ನ ಉತ್ತರ ಇಷ್ಟು: ಇಲ್ಲದವನ ಕೈಯಲ್ಲಿ ಆ ನಂಬಿಕೆ ಬೇರೆ ಕೆಲಸ ಮಾಡುತ್ತದೆ. ದುಬಾರಿಯೇ ಒಳ್ಳೆಯದೆಂದು ನಂಬಿದ ಬಡ ಮುದುಕಿ ಅಗ್ಗದ ಜೆನೆರಿಕ್ ಟ್ಯೂಬನ್ನು ಕೈಯಲ್ಲಿ ಹಿಡಿದು "ಇದು ಬಡವರ ಔಷಧ, ಇದರಿಂದ ಆಗದು" ಎಂದುಕೊಳ್ಳುತ್ತಾಳೆ. ಒಳಗಿನ ಡೈಕ್ಲೊಫೆನಾಕ್ ಎರಡರಲ್ಲಿಯೂ ಒಂದೇ. ಉಳ್ಳವರ ತೃಪ್ತಿಗೆ ಮೂಲವಾದ ನಂಬಿಕೆ ಇಲ್ಲದವರ ಅತೃಪ್ತಿಗೂ ಮೂಲವಾಗುತ್ತದೆ ಎಂಬುದೇ ನನ್ನ ಚಿಂತೆ.

ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣದ ಇನ್ನೊಂದು ಬಾಬ್ತು ಇದೆ. ಅದು ತಿಕ್ಕುವ ಕೈಯ ಬಾಬ್ತು. ಮಂಡಿಯನ್ನು ನಾವೇ ತಿಕ್ಕಿಕೊಳ್ಳಬಹುದು. ಬೆನ್ನನ್ನು, ಭುಜದ ಹಿಂಭಾಗವನ್ನು ತಿಕ್ಕಿಕೊಳ್ಳಲಾಗದು. ದಿನಕ್ಕೆ ಮೂರು ಸಲ ಯಾರಾದರೂ ಬಳಿಯಲ್ಲಿ ಕುಳಿತು, ಹಚ್ಚಿ, ತಿಕ್ಕಿ, ಕೈ ತೊಳೆದುಕೊಂಡು ಏಳಬೇಕು. ಹೆಚ್ಚಿನ ಮನೆಗಳಲ್ಲಿ ಆ ಕೈ ಹೆಂಡತಿಯದೋ ಸೊಸೆಯದೋ ಮಗಳದೋ ಆಗಿರುತ್ತದೆ. ಅವರ ಮಂಡಿಯನ್ನು ತಿಕ್ಕುವವರು ಯಾರು? ಗಂಡನ ಬೆನ್ನಿಗೆ ಎಣ್ಣೆ ಹಚ್ಚಿ ಎದ್ದು, ತನ್ನ ಮಂಡಿಗೆ ಮಾತ್ರೆ ನುಂಗಿ ಅಡುಗೆಮನೆಗೆ ಹೋಗುವ ಹೆಂಗಸರನ್ನು ನಾನು ನಮ್ಮ ಬೀದಿಯಲ್ಲಿಯೇ ಎಷ್ಟೋ ಮಂದಿಯನ್ನು ಬಲ್ಲೆ. ಹಚ್ಚಲು ಪುರುಸೊತ್ತಿಲ್ಲ, ಹಚ್ಚಿಕೊಟ್ಟವರಿಲ್ಲ, ಸೀರೆಗೆ ಜಿಡ್ಡು ತಾಗುತ್ತದೆ, ವಾಸನೆಗೆ ಮೊಮ್ಮಗು ಮೂಗು ಮುರಿಯುತ್ತದೆ. ಮಾತ್ರೆಯಾದರೆ ಒಂದು ಗುಟುಕು ನೀರು ಸಾಕು. ಮುಲಾಮಿನಿಂದ ದೊರೆಯುವ ತೃಪ್ತಿಯ ಬಹುಭಾಗ ಇನ್ನೊಬ್ಬರ ಕೈಯಿಂದ ಬರುವುದಾದರೆ, ಆ ಕೈ ಇಲ್ಲದವರ ಪಾಲಿಗೆ ಮುಲಾಮು ಇನ್ನೂ ದುಬಾರಿಯಾಯಿತು.

ಸರ್ಕಾರದ ಪಾತ್ರದ ಬಗ್ಗೆಯೂ ಎರಡು ಮಾತು ಹೇಳಬೇಕು. 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ ಮಿತಿ ಹೇರಿ, ಸಾಮಾನ್ಯವಾಗಿ ಬಳಸುವ ಬಗೆಗೆ 54,720 ರೂಪಾಯಿ ಎಂದು ನಿಗದಿಪಡಿಸಿದ್ದು ಶ್ಲಾಘನೀಯ ಕಾರ್ಯ. 2018ರಲ್ಲಿ ಬಂದ ಆಯುಷ್ಮಾನ್ ಭಾರತ ಯೋಜನೆಯ ಐದು ಲಕ್ಷ ರೂಪಾಯಿಗಳ ಸೌಲಭ್ಯವನ್ನು 2024ರಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ, ವರಮಾನವನ್ನು ನೋಡದೆ, ವಿಸ್ತರಿಸಿದ್ದೂ ಒಳ್ಳೆಯದೇ. ಆದರೆ ಆ ಸೌಲಭ್ಯ ಆಸ್ಪತ್ರೆಗೆ ಸೇರಿದವರಿಗೆ. ಮನೆಯಲ್ಲಿ ಕುಳಿತು ಹತ್ತು ಹದಿನೈದು ವರ್ಷ ಮಂಡಿಯನ್ನು ಹೇಗೋ ಸಂಭಾಳಿಸಿಕೊಳ್ಳುವವರ ಟ್ಯೂಬಿಗೆ ಅದು ಅನ್ವಯಿಸುವುದಿಲ್ಲ. ಮಂಡಿ ಪೂರ್ತಿ ಕೆಟ್ಟ ಮೇಲೆ ಸಾವಿರಾರು ರೂಪಾಯಿ ವೆಚ್ಚ ಮಾಡಲು ಸಿದ್ಧವಿರುವ ವ್ಯವಸ್ಥೆ, ಅದು ಕೆಡುತ್ತಿರುವ ವರ್ಷಗಳಲ್ಲಿ ನೂರು ರೂಪಾಯಿಗೆ ಕೈ ಬಿಗಿ ಹಿಡಿಯುತ್ತದೆ.

2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳು 2025ರ ಹೊತ್ತಿಗೆ ದೇಶದಲ್ಲಿ 15,000ವನ್ನು ಮುಟ್ಟಿವೆ. ಅಲ್ಲಿ ಜೆನೆರಿಕ್ ಔಷಧ ಕಡಿಮೆ ಬೆಲೆಗೆ ದೊರೆಯುತ್ತದೆ. ಪೇಟೆಯಲ್ಲಿರುವವರು ಅದರ ಪ್ರಯೋಜನ ಪಡೆಯಬೇಕು. ಆದರೆ ಮಂಡಿನೋವಿನ ಹಳ್ಳಿಯ ಮುದುಕಿಗೆ ಪೇಟೆಯ ಮಳಿಗೆ ದೂರ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ನೋವಿನ ಮಾತ್ರೆಯ ಪಕ್ಕದಲ್ಲಿ ನೋವಿನ ಜೆಲ್ ಕೂಡ ಇರಬೇಕು, ಅದೂ ಪೂರ್ತಿ ಪ್ರಮಾಣದಲ್ಲಿ ತಿಂಗಳಿಗೆ ಸಾಲುವಷ್ಟು. ಮಾತ್ರೆಯ ಪೊಟ್ಟಣವನ್ನು ಕೊಟ್ಟು ಕಳುಹಿಸುವ ಕೈಗೆ ಟ್ಯೂಬೂ ಸಿಗುವಂತಾಗಲಿ. ಬಿ.ಪಿ., ಸಕ್ಕರೆ ಇರುವ ವೃದ್ಧರಿಗಂತೂ ಮೊದಲು ಕೊಡಬೇಕಾದದ್ದು ಅದೇ. ಇದು ಈ ಲೇಖನದ ಮುಖ್ಯ ಕೋರಿಕೆ.

ಅಲ್ಲಿಯವರೆಗೆ ನಾವು ಮಾಡಬಹುದಾದುದೂ ಇದೆ. ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿ. ಬೇಕಾದುದು ವಾಸನೆ ಮತ್ತು ತಂಪು ಮಾತ್ರವಾದರೆ ಹತ್ತಾರು ರೂಪಾಯಿಯ ಪುಟ್ಟ ಡಬ್ಬಿಯೋ ಮನೆಯ ಬಿಸಿ ಎಳ್ಳೆಣ್ಣೆಯೋ ಸಾಕು. ಅದಕ್ಕೆ ಔಷಧದ ಬೆಲೆ ತೆರಬೇಕಾಗಿಲ್ಲ. ಡೈಕ್ಲೊಫೆನಾಕ್ ಬೇಕಾದರೆ ವೈದ್ಯರನ್ನು ಕೇಳಿ ಅಗ್ಗದ ಜೆನೆರಿಕ್ಕನ್ನೇ ಕೊಂಡು, ಹೇಳಿದ ಪ್ರಮಾಣದಲ್ಲಿಯೇ, ಮೂರು ನಾಲ್ಕು ವಾರ ಹಚ್ಚಿ ನೋಡಿ. ಕುಂಕುಮದಂತೆ ಇಟ್ಟುಕೊಂಡು ಆರು ತಿಂಗಳು ನೂಕುವುದಕ್ಕಿಂತ, ಸರಿಯಾಗಿ ಒಂದು ತಿಂಗಳು ಪರೀಕ್ಷಿಸಿ, ಗುಣವಿದ್ದರೆ ಮುಂದುವರಿಸಿ ಇಲ್ಲದಿದ್ದರೆ ನಿಲ್ಲಿಸುವುದೇ ಮಿತವ್ಯಯ. ಗಾಯವಿರುವ ಚರ್ಮಕ್ಕೆ ಹಚ್ಚಬೇಡಿ, ಹಚ್ಚಿದ ಮೇಲೆ ಬಿಸಿ ಶಾಖ ಕೊಡಬೇಡಿ, ಬಿಗಿಯಾಗಿ ಬಟ್ಟೆ ಸುತ್ತಬೇಡಿ. ಮೆಂಥಾಲ್, ಗಂಧಪುರ ತೈಲಗಳಿರುವ ಮುಲಾಮಿನಿಂದ ಸುಟ್ಟಗಾಯಗಳಾದದ್ದನ್ನು ಅಮೆರಿಕದ ಔಷಧ ನಿಯಂತ್ರಕರು 2012ರಲ್ಲಿ ಎಚ್ಚರಿಸಿದ್ದಾರೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು ಗಂಧಪುರ ತೈಲದ ವಿಷಯದಲ್ಲಿ ವೈದ್ಯರನ್ನು ಕೇಳಲೇಬೇಕು. ತೊಡೆಯ ಸ್ನಾಯು ಬಲವಾಗುವ ಸರಳ ವ್ಯಾಯಾಮ, ದೇಹದ ತೂಕದ ಮೇಲೆ ಹಿಡಿತ ಇವೆರಡೂ ಯಾವ ಟ್ಯೂಬಿಗಿಂತಲೂ ಮೊದಲು ಬರುವಂಥವು; ಇವಕ್ಕೆ ತಗಲುವ ಹಣ ಸೊನ್ನೆ, ಬೇಕಾದದ್ದು ಶ್ರದ್ಧೆ.

ಕೊನೆಯದಾಗಿ ಮನೆಯ ಕಿರಿಯರಿಗೆ ಒಂದು ಮಾತು. ಅಮ್ಮನೋ ಅತ್ತೆಯೋ ಮಂಡಿಗೆ ಏನನ್ನು ಹಚ್ಚುತ್ತಿದ್ದಾರೆ, ಎಷ್ಟು ದಿನಕ್ಕೆ ಟ್ಯೂಬು ಮುಗಿಯುತ್ತಿದೆ ಎಂದು ಒಮ್ಮೆ ಗಮನಿಸಿ. ಎರಡು ತಿಂಗಳಾದರೂ ಮುಗಿಯದಿದ್ದರೆ ನೋವು ಕಡಿಮೆಯಾಗಿದೆ ಎಂದು ಭಾವಿಸಬೇಡಿ. ಉಳಿತಾಯ ನಡೆಯುತ್ತಿದೆ ಎಂದು ತಿಳಿಯಿರಿ. ದಿಂಬಿನ ಕೆಳಗೆ ಮಾತ್ರೆಯ ಖಾಲಿ ಹಾಳೆಗಳು ಸಿಕ್ಕರೆ ಆ ಉಳಿತಾಯಕ್ಕೆ ಬಡ್ಡಿ ಎಲ್ಲಿ ಕಟ್ಟುತ್ತಿದ್ದಾರೆಂಬುದೂ ತಿಳಿಯುತ್ತದೆ. ಅವರು ಕೇಳುವುದಿಲ್ಲ, ಕೇಳಿದರೆ "ಪರವಾಗಿಲ್ಲ" ಎನ್ನುತ್ತಾರೆ. ಕೇಳದೆಯೇ ಇನ್ನೊಂದು ಟ್ಯೂಬು ತಂದಿಡಿ. ಸಾಧ್ಯವಾದರೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೀವೇ ಹಚ್ಚಿಕೊಡಿ.